ಲೂರ್ದವ್ವ ಬರೆಸಿದ ಹೆಸರುಗಳು

ಲೂರ್ದವ್ವನ ಬಗ್ಗೆ ಯಾರಾದರೂ ಬರೆದೇ ಬರೆಯುತ್ತಾರೆ ಅಂತ ಕಾದದ್ದಾಯಿತು, ಯಾರೂ ಬರೆಯಲಿಲ್ಲ. ದೊಡ್ಡವರ ಬದುಕು ಬರೆಯೋದಕ್ಕೆ ಬೇಕಾದಷ್ಟು ಜನ ಇದ್ದಾರೆ. ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದೇ ಮುದುಕಿಯಾದ ಹೆಂಗಸಿನ ಬಗ್ಗೆ ಯಾರು ಬರೀತಾರೆ ಹೇಳಿ. ಅದಕ್ಕೇ ಅವಳನ್ನು ಬಲ್ಲವರು ಹೇಳಿದ್ದನ್ನೆಲ್ಲ ಒಟ್ಟು ಮಾಡಿ ಇಲ್ಲಿ ಇಟ್ಟಿದ್ದೇನೆ. ನನಗಂತೂ ಅವಳಂಥ ಇನ್ನೊಬ್ಬ ಹೆಂಗಸು ಹರಿಹರ, ದಾವಣಗೆರೆ ಈ ಎರಡೂರಲ್ಲಿ ಇದ್ದಳು ಅನ್ನಿಸುವುದಿಲ್ಲ.

ಅವಳು ಹುಟ್ಟಿದ್ದು ಹರಿಹರದಲ್ಲಿ, ಹೊಳೆಯ ಹತ್ತಿರದ ಕ್ರೈಸ್ತರ ಕೇರಿಯಲ್ಲಿ. ಮದುವೆಯಾಗಿ ಬಂದದ್ದು ದಾವಣಗೆರೆಗೆ. ಗಂಡ ಅರುಳಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಬ್ಬಳೇ ಮಗಳು, ಫಿಲೋಮಿನ, ಒಂಬತ್ತು ವರ್ಷಕ್ಕೆ ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಆಮೇಲೆ ಅರುಳಪ್ಪನ ಎದೆಯಲ್ಲಿ ಹತ್ತಿಯ ಧೂಳು ಕೂತು, ನಾಲ್ಕು ವರ್ಷ ಕೆಮ್ಮಿ ಕೆಮ್ಮಿ ಅವನೂ ಹೋದ. ತವರಿನಲ್ಲಿ ಅಣ್ಣ ಒಬ್ಬನಿದ್ದ, ಅವನಿಗೆ ಮಕ್ಕಳಿರಲಿಲ್ಲ, ಅವನೂ ಉಳಿಯಲಿಲ್ಲ. ವಯಸ್ಸು ಐವತ್ತಾಗುವ ಹೊತ್ತಿಗೆ ಲೂರ್ದವ್ವನಿಗೆ ನಮ್ಮವರು ಅನ್ನುವವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಎಲ್ಲರೂ ಭೂಮಿಯ ಕೆಳಗೇ.

ಹೊಟ್ಟೆಪಾಡಿಗೆ ಮಕ್ತುಮ್ ಸಾಬರ ಭಟ್ಟಿ ಇತ್ತು. ಕಾದ ಮರಳಿಗೆ ಅಕ್ಕಿ ಹಾಕಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉಬ್ಬಿ ಮಂಡಕ್ಕಿಯಾಗುತ್ತದಲ್ಲ, ಅದನ್ನು ಮರಳಿನ ಸಮೇತ ಬಾಚಿ ಜರಡಿಗೆ ಸುರಿಯುತ್ತಾರೆ. ಮರಳು ಕೆಳಗೆ ಬೀಳುವ ಹಾಗೆ ಜರಡಿ ಆಡಿಸುವುದು ಲೂರ್ದವ್ವನ ಕೆಲಸ. ಒಲೆಗೆ ಭತ್ತದ ಹೊಟ್ಟು ಎರಚುತ್ತಾ ಕೂರುವುದು ಮಾಬೂಬೀಯ ಕೆಲಸ. ಇಬ್ಬರೂ ವಿಧವೆಯರು. ಮಾಬೂಬೀ ಎರಡು ವರ್ಷ ದೊಡ್ಡವಳು. ಹಿಂದಿನ ಓಣಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಇಬ್ಬರ ಕೋಣೆ. ಮಾಬೂಬೀಗೆ ಮಗ, ಸೊಸೆ, ಮೊಮ್ಮಕ್ಕಳು, ಹಗಲೆಲ್ಲ ಗಲಾಟೆ. ಈಚೆ ಕೋಣೆಯಲ್ಲಿ ಒಂದು ಚಾಪೆ, ಒಂದು ಕೊಡ, ಗೋಡೆಗೆ ಒಂದು ಶಿಲುಬೆ. ಭಟ್ಟಿಗೆ ರಜೆ ಇದ್ದ ದಿನ ಲೂರ್ದವ್ವ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಆಚೆಯವರ ಜಗಳ ಕೇಳಿಸಿಕೊಳ್ಳುತ್ತಿದ್ದಳಂತೆ. ಜಗಳ ನಿಂತರೆ ಬೇಜಾರಾಗುತ್ತಿತ್ತು ಅಂತ ಅವಳೇ ಹೇಳಿದ್ದಾಳೆ.

ಈಗ ಹೆಸರು ಬರೆಸುವ ವಿಷಯಕ್ಕೆ ಬರುತ್ತೇನೆ. ಹರಿಹರದ ಆ ಸಣ್ಣ ಚರ್ಚಿನಲ್ಲಿ ಆಗ ಒಂದು ಪದ್ಧತಿ ಇತ್ತು. ನವೆಂಬರ್ ಎರಡು ಸತ್ತವರ ಹಬ್ಬ. ಅದಕ್ಕೆ ಒಂದು ವಾರ ಮುಂಚೆ ಚರ್ಚಿನ ಉಪದೇಶಿ, ಅಂದರೆ ಮಕ್ಕಳಿಗೆ ಜಪ ಕಲಿಸಿಕೊಂಡು ಗುರುಗಳಿಗೆ ನೆರವಾಗಿ ಇರುವವನು, ಜಗಲಿಯ ಮೇಲೆ ಮೇಜು ಹಾಕಿ ಉದ್ದ ಪುಸ್ತಕ ಬಿಚ್ಚಿಕೊಂಡು ಕೂರುತ್ತಿದ್ದ. ಮನೆಗೊಬ್ಬರು ಬಂದು ತಮ್ಮ ಮನೆಯ ಸತ್ತವರ ಹೆಸರು ಹೇಳಬೇಕು. ಹಬ್ಬದ ದಿನ ಪೂಜೆಗೆ ಮುಂಚೆ ಅವನು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಮೊದಲು ಬರೆಸಿದವರ ಹೆಸರು ಹಿಡಿದು ‘ಇಂಥವರ ಮನೆಯವರು’ ಅಂತ, ಆಮೇಲೆ ಆ ಮನೆಯ ಸತ್ತವರು ಸಾಲಾಗಿ. ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ, ಒಬ್ಬರಿಗೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಈ ಹೆಸರುಗಳು ಮಾತ್ರ. ಹಾಗಾಗಿ ಜನ ಉಸಿರು ಬಿಗಿಹಿಡಿದು ತಮ್ಮ ಮನೆಯ ಸರದಿಗೆ ಕಾಯುತ್ತಿದ್ದರು.

ಇದರಲ್ಲಿ ಒಂದು ಬಿಗಿ ಇತ್ತು. ಹಳೇ ವರ್ಷದ ಪುಸ್ತಕ ನೋಡಿ ಬರೆದುಕೊಳ್ಳುವ ಹಾಗಿಲ್ಲ. ಪ್ರತಿ ವರ್ಷ ಯಾರಾದರೂ ಬಂದು ಬಾಯಿಂದಲೇ ಹೇಳಬೇಕು. ಹೇಳುವ ಬಾಯಿ ಇಲ್ಲದ ಮನೆ ಆ ವರ್ಷದಿಂದ ಪುಸ್ತಕಕ್ಕೆ ಬರುವುದಿಲ್ಲ, ಅಷ್ಟೆ.

ಲೂರ್ದವ್ವ ಪ್ರತಿ ವರ್ಷ ಬೆಳಗಿನ ರೈಲು ಹತ್ತಿ ಹರಿಹರಕ್ಕೆ ಹೋಗಿ ಹನ್ನೊಂದು ಹೆಸರು ಬರೆಸುತ್ತಿದ್ದಳು. ಅಪ್ಪ, ಅವ್ವ, ಅತ್ತೆ, ಮಾವ, ಅಣ್ಣ, ಅತ್ತಿಗೆ, ಹೀಗೆ. ಕೊನೆಗೆ ಅರುಳಪ್ಪ, ಫಿಲೋಮಿನ. ವರ್ಷದಲ್ಲಿ ಒಂದು ಸಲ ಮಗಳ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು, ಅದೊಂದೇ ಅವಳಿಗಿದ್ದ ಹಬ್ಬ.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಅವಳು ಭಟ್ಟಿಯಲ್ಲೇ ತಲೆ ಸುತ್ತಿ ಜರಡಿಯ ಮೇಲೆ ಬಿದ್ದಳು. ಹನ್ನೆರಡು ದಿನ ಎದ್ದೇಳಲಿಲ್ಲ. ಮಾಬೂಬೀ ಗಂಜಿ ಕಾಯಿಸಿ ಕುಡಿಸಿದಳು. ಮಕ್ತುಮ್ ಸಾಬರು ಇನ್ನು ಮೇಲೆ ಕೂತೇ ಜರಡಿ ಹಿಡಿ ಅಂತ ಒಂದು ಮಣೆ ಹಾಕಿಸಿಕೊಟ್ಟರು. ಆದರೆ ಆ ಹನ್ನೆರಡು ದಿನ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಾ ಇದ್ದಾಗ ಅವಳಿಗೆ ಒಂದು ಭಯ ಹೊಕ್ಕಿತು. ಸಾಯುವ ಭಯವಲ್ಲ. ತಾನು ಸತ್ತ ವರ್ಷದಿಂದ ಆ ಹನ್ನೊಂದು ಹೆಸರು ಯಾರೂ ಹೇಳುವುದಿಲ್ಲ. ಫಿಲೋಮಿನ ಅನ್ನುವ ಮಗು ಇತ್ತು ಅಂತ ಎಲ್ಲೂ ಕೇಳುವುದಿಲ್ಲ. ಅದರ ಮೇಲೆ ಹನ್ನೆರಡನೆಯದು, ಅವಳದೇ ಹೆಸರು. ಅದನ್ನಂತೂ ಒಂದು ಸಲವೂ ಯಾರೂ ಓದುವುದಿಲ್ಲ.

ಚೇತರಿಸಿಕೊಂಡವಳೇ ಮಾಬೂಬೀ ಹತ್ತಿರ ಇದನ್ನು ತೆಗೆದಳು. ಮಾಬೂಬೀ ಹೊಟ್ಟು ಎರಚುತ್ತಾ ಕೇಳಿದಳಂತೆ.

“ಅಲ್ಲಲೇ ಲೂರ್ದಿ, ನಿಮ್ಮ ದೇವ್ರಿಗೆ ಪಟ್ಟಿ ಓದಿ ಹೇಳ್ಬೇಕಾ? ಅಂವಂಗೆ ಅಷ್ಟು ಮರವು ಐತಾ?”

“ನಗಬ್ಯಾಡ ಬೂಬಕ್ಕ. ನಿಂಗೆ ಮನೆ ತುಂಬ ಬಾಯಿ ಅದಾವೆ.”

“ಹಂಗಾರೆ ನಾನೇ ಹೇಳ್ತೀನಿ ಬಿಡು ನಿನ್ನ ಹೆಸ್ರು. ನಮ್ಮ ದುವಾದಾಗೆ ಒಂದು ಜಾಗ ಕೊಡ್ತೀನಿ.”

“ನೀ ನನಗಿಂತ ಎರಡು ವರ್ಷ ದೊಡ್ಡಾಕಿ. ಮೊದ್ಲು ಹೋಗಾಕಿ ನೀನು.”

ಇಬ್ಬರೂ ನಕ್ಕರು. ನಕ್ಕರೂ ಲೂರ್ದವ್ವನ ಭಯ ಹೋಗಲಿಲ್ಲ. ಒಂದು ಭಾನುವಾರ ಅವಳು ಹರಿಹರಕ್ಕೆ ಹೋಗಿ ಮರಿಯವ್ವನ ಮನೆ ಮುಂದೆ ಕೂತಳು. ಮರಿಯವ್ವ ಅವಳ ಬಾಲ್ಯದ ಗೆಳತಿ, ಐದು ಗಂಡುಮಕ್ಕಳ ತಾಯಿ. ನಾನು ಹೋದ ಮೇಲೆ ನಿಮ್ಮ ಮನೆ ಪಟ್ಟಿಯ ಕೊನೆಗೆ ನಮ್ಮ ಹನ್ನೆರಡು ಜನರನ್ನು ಸೇರಿಸಿಕೊಂಡು ಬಿಡು ಅಂತ ಕೇಳಿದಳು. ಮರಿಯವ್ವ ಎಲೆ ಅಡಿಕೆ ಕೊಟ್ಟಳು, ಊಟ ಮಾಡಿಕೊಂಡು ಹೋಗು ಅಂದಳು, ಈ ಮಾತಿಗೆ ಮಾತ್ರ ಹೂಂ ಅನ್ನಲಿಲ್ಲ. ಕೊನೆಗೆ ಸೊಸೆ ಒಳಗಿಂದ ಬಂದು ಬಿಡಿಸಿ ಹೇಳಿದಳು. ಬೇರೆ ಮನೆಯ ಸತ್ತವರನ್ನು ನಮ್ಮ ಮನೆ ಹೆಸರಲ್ಲಿ ಕರೆದರೆ ಅವರು ನಮ್ಮ ಮನೆಗೇ ಬರುತ್ತಾರಂತೆ, ಮನೆಯಲ್ಲಿ ಸಣ್ಣ ಕೂಸು ಬೇರೆ ಇದೆ, ತಪ್ಪು ತಿಳಿಯಬೇಡಿ ಅತ್ತಿ ಅಂತ. ಲೂರ್ದವ್ವ ತಪ್ಪು ತಿಳಿಯಲಿಲ್ಲ. ಹಿಂದೆ ಅರುಳಪ್ಪನ ಜೊತೆ ಗಿರಣಿಯಲ್ಲಿದ್ದು ಈಗ ಅದೇ ಕೇರಿಯಲ್ಲಿದ್ದ ಇನ್ನೊಬ್ಬರ ಮನೆಗೂ ಹೋದಳು. ಅಲ್ಲಿಯೂ ಅದೇ ಮಾತು, ಎಲೆ ಅಡಿಕೆ ಇಲ್ಲ ಅಷ್ಟೆ. ಸಂಜೆಯ ರೈಲಿಗೆ ಇನ್ನೂ ಮೂರು ತಾಸು ಇತ್ತು. ಯಾರ ಮನೆಗೂ ಹೋಗುವಂತಿರಲಿಲ್ಲವಾದ್ದರಿಂದ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೇ ಇದ್ದಳು.

ಅಲ್ಲಿ ಕೂತಾಗಲೇ ಆ ಉಪಾಯ ಹೊಳೆದಿರಬೇಕು. ಆ ವರ್ಷ ಉಪದೇಶಿ ಹೊಸಬ. ಇನ್ನಾಸಪ್ಪ ಅಂತ, ಶಿವಮೊಗ್ಗ ಕಡೆಯಿಂದ ಬಂದವನು, ಅವನಿಗೆ ಯಾರ ಗುರುತೂ ಸರಿಯಾಗಿ ಇರಲಿಲ್ಲ. ಅಕ್ಟೋಬರ್ ಕೊನೆಗೆ ಲೂರ್ದವ್ವ ಮೇಜಿನ ಮುಂದೆ ನಿಂತು ಹನ್ನೊಂದು ಹೆಸರು ಹೇಳಿದಳು. ಆಯಿತಾ ಅಮ್ಮ ಅಂತ ಅವನು ಕೇಳಿದ. ಇನ್ನೊಂದು ಐತೆ, ಲೂರ್ದವ್ವ ಅಂತ ಬರಕೋ ಅಂದಳು. ಅವನು ಬರೆದುಕೊಂಡ. ಸತ್ತ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುವುದು ಎಲ್ಲ ಕೇರಿಗಳಲ್ಲೂ ಇದ್ದದ್ದೇ, ಅವನಿಗೇನೂ ಅನುಮಾನ ಬರಲಿಲ್ಲ.

ಸತ್ತ ಮೇಲೆ ಹೇಗೂ ಯಾರೂ ಓದುವುದಿಲ್ಲ, ಬದುಕಿರುವಾಗಲೇ ಒಂದು ಸಲ ಓದಿಸಿ ಕಿವಿಯಾರ ಕೇಳಿಬಿಟ್ಟರೆ ಮುಗಿಯಿತು ಅಂತ ಅವಳ ಲೆಕ್ಕ. ಎಂಥಾ ಧೈರ್ಯ ನೋಡಿ. ಆ ಎಂಟು ದಿನ ಭಟ್ಟಿಯಲ್ಲಿ ಹಾಡು ಕೂಡ ಗುನುಗುತ್ತಿದ್ದಳಂತೆ.

ಹಬ್ಬದ ದಿನ ಹೆಂಗಸರ ಕಡೆ ನೆಲದ ಮೇಲೆ, ಸೆರಗು ತಲೆಗೆ ಹೊದ್ದು, ಮೂರನೇ ಸಾಲಿನಲ್ಲಿ ಕೂತಿದ್ದಳು. ಇನ್ನಾಸಪ್ಪನಿಗೆ ನೆಗಡಿಯಾಗಿತ್ತು. ಮನೆಗಳು ಒಂದೊಂದಾಗಿ ಬಂದವು. ಲೂರ್ದವ್ವನ ಮನೆಯವರು ಅಂದ. ಅಪ್ಪ ಬಂದ, ಅವ್ವ ಬಂದಳು. ಅರುಳಪ್ಪ. ಫಿಲೋಮಿನ. ಲೂರ್ದವ್ವ. ಮೂಗು ಸೇದಿಕೊಂಡು ಮುಂದಿನ ಮನೆಗೆ ಹೋದ.

ಮುಂದಿನ ಸಾಲಿನವರು ತಿರುಗಿ ನೋಡಿದರು. ಮರಿಯವ್ವ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಗಂಡಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕದ್ದೂ ಕೇಳಿತು. ಲೂರ್ದವ್ವನಿಗೆ ಅದು ಯಾವುದೂ ನಾಟಲಿಲ್ಲ. ನಾಟಿದ್ದು ಇನ್ನೊಂದು. ಅಷ್ಟು ದಿನ ಕಾದದ್ದು ಬಂದು ಹೋಗಿತ್ತು, ಅವಳೊಳಗೆ ಏನೂ ಆಗಿರಲಿಲ್ಲ. ತನ್ನ ಹೆಸರು ಯಾರೋ ಗುರುತಿಲ್ಲದವರ ಹೆಸರಿನ ಹಾಗೆ ಕಿವಿಯ ಮುಂದೆ ಹಾದು ಹೋಗಿತ್ತು. ಸುತ್ತ ಇನ್ನೂರು ಜನ ಇದ್ದರು. ಫಿಲೋಮಿನ ಹೋದ ದಿನವೂ ಅಷ್ಟು ಒಂಟಿ ಅನ್ನಿಸಿರಲಿಲ್ಲ ಅಂತ ಆಮೇಲೆ ಅವಳು ಮಾಬೂಬೀಗೆ ಹೇಳಿದ್ದಾಳೆ.

ಪೂಜೆ ಮುಗಿದ ಮೇಲೆ ಗುರುಗಳು ಅವಳನ್ನು ಕರೆಸಿದರು. ಅವರು ಮಂಗಳೂರು ಕಡೆಯವರು, ತೆಳ್ಳಗಿನ ಮನುಷ್ಯ, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಪೂಜೆಯ ಬಟ್ಟೆ ಇಡುವ ಕೋಣೆಯಲ್ಲಿ ಒಂದು ಸ್ಟೂಲು ತೋರಿಸಿದರು. ಅವಳು ಅದರ ಮೇಲೆ ಕೂರದೆ ನೆಲದ ಮೇಲೆ ಕೂತಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು.

“ಯಾಕಮ್ಮ ಹೀಗೆ ಮಾಡಿದಿರಿ?”

“ಸತ್ತ ಮ್ಯಾಲೆ ಬರ್ಸೋರು ಯಾರೂ ಇಲ್ಲ ಸ್ವಾಮೇರ.”

“ಕೇಳಿ ಸಮಾಧಾನವಾಯಿತೇ?”



“ಇಲ್ರಿ. ಭಾಳ ಬೇಗ ಮುಗೀತು.”

ಗುರುಗಳು ಬೈಯಲಿಲ್ಲ. ದೇವರಿಗೆ ನಿಮ್ಮ ಹೆಸರು ಗೊತ್ತಿಲ್ಲವೇ ಅಂತ ಮೆಲ್ಲಗೆ ಕೇಳಿದರು. ಗೊತ್ತಿದ್ದರೆ ನೀವು ಯಾಕೆ ಓದಿಸುತ್ತೀರಿ ಅಂತ ಇವಳು ತಿರುಗಿಸಿ ಕೇಳಿದಳು. ನೋಡಿ, ಅಕ್ಷರ ಬಾರದ ಹೆಂಗಸು. ಗುರುಗಳು ಎದ್ದು ಗೋಡೆಯ ಬೀರು ತೆಗೆದರು. ಒಳಗೆ ಹಳೇ ವರ್ಷಗಳ ಹೆಸರಿನ ಪುಸ್ತಕಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನು ಎಳೆದು ಧೂಳು ಕೊಡವಿ, ಎಲ್ಲೋ ಒಂದು ಕಡೆ ಬಿಚ್ಚಿ, ಲಾಜರಪ್ಪನ ಮನೆಯವರು ಅಂತ ಓದತೊಡಗಿದರು. ಲೂರ್ದವ್ವ ನೆಟ್ಟಗಾದಳು. ಲಾಜರಪ್ಪ ಬಾವಿ ತೋಡುವವನು, ಅವಳು ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿದ್ದ. ಅವನ ಹೆಂಡತಿ ಇವಳಿಗೆ ತಲೆ ಬಾಚುತ್ತಿದ್ದಳು. ಅವರ ಮನೆಯವರು ಒಬ್ಬರೂ ಈಗ ಇಲ್ಲ. ಈ ಹೆಸರುಗಳನ್ನು ಈಗ ಯಾರು ಹೇಳುತ್ತಾರೆ ಅಂತ ಅವಳು ಕೇಳಿದಳು. ಯಾರೂ ಇಲ್ಲ ಅಂದರು. ಹಾಗಾದರೆ ಇನ್ನೊಂದು ಸಲ ಓದಿ ಅಂದಳು. ಅವರು ಓದಿದರು. ಅವಳು ತುಟಿ ಆಡಿಸುತ್ತಾ ಕೇಳಿಸಿಕೊಂಡು, ಒಂದೂ ತಪ್ಪದೆ ಹಿಂತಿರುಗಿ ಹೇಳಿದಳು.

ಪುಟ ತಿರುಗಿಸಿದರೆ ಮುಂದಿನ ಮನೆಗೆ ಗೆದ್ದಲು ಹತ್ತಿತ್ತು. ಮೇಲೆ ಎರಡು ಹೆಸರು, ಕೆಳಗೆ ಒಂದು. ನಡುವೆ ಕಾಗದವೇ ಇರಲಿಲ್ಲ. ಗುರುಗಳು ಆ ತೂತನ್ನು ಅವಳ ಕಡೆ ಹಿಡಿದು ತೋರಿಸಿದರು.

“ಇವ್ರನ್ನ ಏನು ಮಾಡ್ತೀರಿ?” ಅಂತ ಕೇಳಿದಳು.

“ನನ್ನ ಕೈಯಲ್ಲಿ ಏನೂ ಆಗುವುದಿಲ್ಲಮ್ಮ. ದೇವರ ಹತ್ತಿರ ಇದ್ದಾರೆ ಎಂದು ನಂಬಿದ್ದೇನೆ. ನಂಬದಿದ್ದರೆ ನಾನು ಊರು ಬಿಟ್ಟು ಇಲ್ಲಿಗೆ ಬರುತ್ತಿರಲಿಲ್ಲ.”

ಲೂರ್ದವ್ವ ಆ ತೂತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳಂತೆ. ಅವತ್ತು ಅವಳಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ಎದ್ದು ಹೋಗುವಾಗ ಒಂದು ಮಾತು ಕೇಳಿದಳು. ಹೇಳುವ ಬಾಯಿ ಇಲ್ಲದ ಮನೆಗಳಿಗೆ ನಾನು ಬಾಯಿಯಾದರೆ ನಡೆಯುತ್ತದೋ ಹೇಗೆ. ಅವರು ನಿಮ್ಮ ಮನೆಗೆ ಬಂದುಬಿಟ್ಟರೆ ಅಂತ ಗುರುಗಳು ತಮಾಷೆ ಮಾಡಿದರು. ಮರಿಯವ್ವನ ಮನೆಯ ಕಥೆ ಅವರಿಗೂ ಮುಟ್ಟಿತ್ತು.

“ಬರ್ಲಿ ಬಿಡ್ರಿ. ಕೋಣೆ ಖಾಲಿನೇ ಐತೆ” ಅಂದಳು.

ಆಮೇಲೆ ತಿಂಗಳಿಗೊಂದು ಭಾನುವಾರ ಲೂರ್ದವ್ವ ಹರಿಹರಕ್ಕೆ ಹೋಗುವುದು, ಪೂಜೆ ಮುಗಿದ ಮೇಲೆ ಇನ್ನಾಸಪ್ಪ ಹಳೇ ಪುಸ್ತಕದಿಂದ ಒಂದು ಮನೆ ಓದುವುದು, ಅವಳು ಬಾಯಿಪಾಠ ಮಾಡಿಕೊಂಡು ರೈಲು ಹತ್ತುವುದು ಶುರುವಾಯಿತು. ನೆನಪು ಉಳಿಸಿಕೊಳ್ಳಲು ಅವಳದೇ ಒಂದು ದಾರಿ ಇತ್ತು. ಭಟ್ಟಿಯಲ್ಲಿ ಪ್ರತಿ ಸಲ ಜರಡಿಗೆ ಮಂಡಕ್ಕಿ ಬಿದ್ದಾಗಲೂ ಒಂದು ಹೆಸರು. ಮರಳು ಪೂರ್ತಿ ಇಳಿಯುವ ತನಕ ಆ ಒಬ್ಬರಿಗೆ ಜಪ. ಬಾಣಲೆಯಿಂದ ಮತ್ತೆ ಸುರಿದರೆ ಮುಂದಿನವರು. ಮಾಬೂಬೀಗೆ ಹೊಟ್ಟು ಎರಚುತ್ತಾ ಎರಚುತ್ತಾ ಅರ್ಧ ಹರಿಹರದ ಸತ್ತವರೆಲ್ಲ ಪರಿಚಯವಾಗಿಬಿಟ್ಟರು. ನಡುವೆ ಒಂದು ಹೆಸರು ಜಾರಿದರೆ, ಲೂರ್ದಿ, ಬಾವಿ ತೋಡಾನ ತಮ್ಮನ್ನ ಬಿಟ್ಟೆಲ್ಲೇ ಅಂತ ಅವಳೇ ನೆನಪಿಸುತ್ತಿದ್ದಳು. ಮಕ್ತುಮ್ ಸಾಬರು ಇದನ್ನು ಕೇಳಿ, ನನ್ನ ಭಟ್ಟಿಯಾಗೆ ಸಂಬಳ ತಗಳ್ಳೋರಿಗಿಂತ ಬಿಟ್ಟಿ ಜನಾನೇ ಜಾಸ್ತಿ ಆದ್ರು ಅಂತಿದ್ದರಂತೆ.

ಇಷ್ಟಾದ ಮೇಲೆ ಲೂರ್ದವ್ವ ಗುಂಪು ಕಟ್ಟಿಕೊಂಡು ನಗುನಗುತ್ತಾ ಇದ್ದಳು ಅಂದುಕೊಳ್ಳಬೇಡಿ. ಕೋಣೆ ಖಾಲಿಯೇ ಇತ್ತು. ಮುದ್ದೆ ಒಂದೇ ಬೇಯುತ್ತಿತ್ತು. ಹಬ್ಬದ ದಿನ ಆಚೆ ಗೋಡೆಯಿಂದ ಬಿರಿಯಾನಿ ಬರುತ್ತಿತ್ತು, ಕ್ರಿಸ್ಮಸ್ಸಿಗೆ ಈಚೆಯಿಂದ ಕರ್ಜಿಕಾಯಿ ಹೋಗುತ್ತಿತ್ತು, ಉಳಿದ ದಿನಗಳು ಉದ್ದವಾಗೇ ಇದ್ದವು. ಆದರೆ ಗೋಡೆಗೆ ಬೆನ್ನು ಕೊಟ್ಟು ಜಗಳ ನಿಂತರೆ ಬೇಜಾರು ಪಡುತ್ತಿದ್ದವಳು, ನಿಂತರೂ ಹಾಗೇ ಕೂತಿರುವಂತಾದಳು. ಕೇಳಿದರೆ, ಈಗ ಸುಮ್ಮನೆ ಇರೋದು ಬರ್ತೈತೆ ಅನ್ನುತ್ತಿದ್ದಳು. ಇದಕ್ಕಿಂತ ಹೆಚ್ಚು ಅವಳು ತನ್ನ ನಂಬಿಕೆಯ ಬಗ್ಗೆ ಹೇಳಿದ್ದು ಯಾರಿಗೂ ನೆನಪಿಲ್ಲ.

ಅರವತ್ತೆರಡರ ಮಳೆಗಾಲದಲ್ಲಿ ಮಾಬೂಬೀ ತೀರಿಕೊಂಡಳು. ಹೊಟ್ಟು ಎರಚುತ್ತಿದ್ದವಳು ಕೈ ನೋವು ಅಂತ ಮನೆಗೆ ಹೋದಳು, ಬೆಳಗ್ಗೆ ಏಳಲಿಲ್ಲ. ಗಂಡಸರು ಹೊತ್ತುಕೊಂಡು ಹೋಗುವಾಗ ಲೂರ್ದವ್ವ ಓಣಿಯ ತುದಿಯವರೆಗೆ ಬಂದು ನಿಂತಳು. ಆಮೇಲೆ ಮಾಬೂಬೀಯ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾಯಕೊಂಡಕ್ಕೆ ಹೋಗಿಬಿಟ್ಟ. ಗೋಡೆಯ ಆಚೆಗೂ ಸದ್ದಿಲ್ಲದಂತಾಯಿತು. ಭಟ್ಟಿಯಲ್ಲಿ ಒಲೆಗೆ ಹೊಸ ಹೆಂಗಸು ಬಂದಳು. ಅವಳಿಗೆ ಈ ಹೆಸರುಗಳ ಗೊಡವೆ ಬೇಕಿರಲಿಲ್ಲ, ಜಾರಿದ್ದನ್ನು ನೆನಪಿಸುವವರು ಇಲ್ಲದೆ ಹೋದರು. ಲೂರ್ದವ್ವ ಒಬ್ಬಳೇ ಸುರಿದದ್ದಕ್ಕೆಲ್ಲ ಒಂದೊಂದು ಹೆಸರು ಹಿಡಿಯುತ್ತಾ ಕೂರುತ್ತಿದ್ದಳು.

ಆ ವರ್ಷ ಅಕ್ಟೋಬರಿನಲ್ಲಿ ಅವಳು ಮೇಜಿನ ಮುಂದೆ ನಿಂತಾಗ ಇನ್ನಾಸಪ್ಪ ತಾನೇ ಒಂದು ಕುರ್ಚಿ ತಂದು ಹಾಕಿದ. ಐದು ವರ್ಷದಲ್ಲಿ ಅವನಿಗೆ ಅವಳ ಮನೆ ಎಷ್ಟು ಉದ್ದ ಅಂತ ಗೊತ್ತಿತ್ತು. ಬಾವಿ ತೋಡುವ ಲಾಜರಪ್ಪನ ಮನೆ, ಸೊಪ್ಪು ಮಾರುವವಳ ಮನೆ, ರೈಲ್ವೆ ಗ್ಯಾಂಗಿನಲ್ಲಿದ್ದ ಅಣ್ಣತಮ್ಮಂದಿರು, ಎಲ್ಲ ಈಗ ಲೂರ್ದವ್ವನ ಮನೆಯವರೇ. ಬರೆದು ಬರೆದು ಅವನ ಬೆರಳು ನೋಯಿತು. ಕೊನೆಗೆ ಅವಳು ಮಾಬೂಬೀ ಅಂದಳು.

ಇನ್ನಾಸಪ್ಪ ಪೆನ್ನು ಎತ್ತಿ ಹಿಡಿದ.

“ಅವ್ರ ಜನದ ಪ್ರಾರ್ಥನೆ ಅವ್ರಿಗೆ ಐತಲ್ಲಮ್ಮ. ಇದನ್ನ ಹೆಂಗೆ ಬರೀಲಿ? ನಾಳೆ ನಾಲ್ಕು ಜನ ಕೇಳ್ತಾರೆ.”

ಅವನ ಭಯ ಸುಳ್ಳೂ ಅಲ್ಲ. ಸ್ವಾಮೇರನ್ನ ಕೇಳಿ ಬರ್ತೀನಿ ಅಂತ ಅವನು ಅರ್ಧ ಎದ್ದ. ಲೂರ್ದವ್ವ ಕೈ ಹಿಡಿದು ಕೂರಿಸಿದಳು.

“ಬರೀಬ್ಯಾಡ ಬಿಡಪ್ಪ. ನಾನು ಆ ದೇವ್ರಿಗೇ ಹೇಳೀನಿ. ಬೂಬಕ್ಕ ಅಂದ್ರೆ ತಿಳೀತೈತೆ.”

ಇನ್ನಾಸಪ್ಪ ಅವಳ ಮುಖ ನೋಡಿದ. ಆಮೇಲೆ ಪುಸ್ತಕದ ಕಡೆ ನೋಡಿಕೊಂಡು, ಎಲ್ಲ ಬರೆಸಿದಿರಿ, ಅರುಳಪ್ಪ ಫಿಲೋಮಿನ ಇಬ್ಬರನ್ನು ಹೇಳಲೇ ಇಲ್ಲವಲ್ಲ ಅಂತ ಕೇಳಿದ. ಲೂರ್ದವ್ವ ಒಂದು ಕ್ಷಣ ತಬ್ಬಿಬ್ಬಾದಳು. ನಿಜವಾಗಿಯೂ ಮರೆತಿದ್ದಳು. ಮಗಳ ಹೆಸರು ಕೇಳಲಿಕ್ಕೆಂದೇ ಇಷ್ಟು ವರ್ಷ ರೈಲು ಹತ್ತುತ್ತಿದ್ದವಳು. ಆದರೆ ಕಣ್ಣು ತುಂಬಲಿಲ್ಲ, ಗಾಬರಿಯಾಗಲಿಲ್ಲ. ಸ್ವಲ್ಪ ನಾಚಿಕೊಂಡ ಹಾಗೆ ನಕ್ಕು, ಜಾಗ ಇದ್ರೆ ಬರಕೋ, ಇಲ್ಲಾಂದ್ರೆ ಅವರಿಗೇನೂ ಕಮ್ಮಿ ಆಗಲ್ಲ ಅಂದಳಂತೆ. ಅವನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡ.

ಹಬ್ಬದ ದಿನ ಲೂರ್ದವ್ವನ ಮನೆಯವರು ಅಂತ ಶುರು ಮಾಡಿದ ಇನ್ನಾಸಪ್ಪ ಎರಡು ಪುಟ ಓದಬೇಕಾಯಿತು. ಜನ ಕಾಲು ಬದಲಾಯಿಸಿ ಕೂತರು. ಒಂದು ಮಗು ಅತ್ತು ಸುಮ್ಮನಾಯಿತು. ಪಟ್ಟಿ ಮುಗಿಯುತ್ತಾ ಬಂದಾಗ ಮರಿಯವ್ವ ಪಕ್ಕಕ್ಕೆ ನೋಡಿದರೆ ಲೂರ್ದವ್ವ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಸೆರಗು ತಲೆಯಿಂದ ಜಾರಿತ್ತು. ಫಿಲೋಮಿನಳ ಹೆಸರು ಹತ್ತಿರ ಬರುತ್ತಿದೆ ಅಂತ ಮರಿಯವ್ವ ಎಬ್ಬಿಸಲು ಕೈ ಚಾಚಿದಳು. ಮತ್ತೆ ಏನನ್ನಿಸಿತೋ, ಆ ಕೈಯಿಂದ ಸೆರಗನ್ನು ಮಾತ್ರ ತಲೆಯ ಮೇಲೆ ಸರಿ ಮಾಡಿ, ಹಾಗೇ ಬಿಟ್ಟಳು.